ಎಷ್ಟು ಸಾಲಲ್ಲ?

ಹೋದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕ್ತಾ ನಾವು ನಾಲ್ಕು ಜನ ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ಪೌಡರ್ ಕೋಟಿಂಗ್ ಯೂನಿಟ್‌ಗೆ ಹೋಗಿದ್ವಿ. ನಮ್ಮಲ್ಲೊಬ್ಬಳ ಸೋದರಮಾವ ಅಲ್ಲಿ ಸೂಪರ್‌ವೈಸರ್. ಕಬ್ಬಿಣದ ಬಿಡಿಭಾಗಗಳ ಮೇಲೆ ಬಣ್ಣದ ಪುಡಿ ಹೊಡೆದು, ಸುಮಾರು 180ರಿಂದ 200 ಡಿಗ್ರಿ ಬಿಸಿ ಇರುವ ಓವನ್‌ನಲ್ಲಿ ಬೇಯಿಸ್ತಾರೆ. ಪುಡಿ ಕರಗಿ, ಗಟ್ಟಿಯಾಗಿ, ಲೋಹಕ್ಕೆ ಹಿಡಿದುಕೊಳ್ಳುತ್ತೆ. ಬಿಸಿ ಸಾಲದೇ ಹೋದ್ರೆ ಬಣ್ಣ ಸಿಪ್ಪೆ ಎದ್ದು ಬರುತ್ತೆ. ಜಾಸ್ತಿಯಾದ್ರೆ ಬಣ್ಣವೇ ಕೆಡುತ್ತೆ.

ಓವನ್ ಪಕ್ಕದ ಪ್ಯಾನೆಲ್‌ನಲ್ಲಿ ಒಂದು ಹಳೇ ಡಿಸ್‌ಪ್ಲೇ ಇದೆ. ತೊಂದರೆ ಏನಾದ್ರೂ ಆದ್ರೆ ಅದು 'ಇ 3', 'ಇ 8' ಅಂತ ತೋರಿಸುತ್ತೆ. ಪ್ಯಾನೆಲ್ ಮೇಲೆ ಸೆಲ್ಲೋ ಟೇಪ್ ಹಾಕಿ ಅಂಟಿಸಿದ ಒಂದು ಚೀಟಿ. ಅದರಲ್ಲಿ ಬಾಲ್ ಪೆನ್ನಿನಲ್ಲಿ, ಕನ್ನಡದಲ್ಲಿ, 3 ಅಂದ್ರೆ ಏನು, 8 ಅಂದ್ರೆ ಏನು ಅಂತ ಮಾವ ಬರೆದಿಟ್ಟಿದ್ದಾರೆ. ಬಿಸಿಗೆ ಕಾಗದ ಕಂದು ಬಣ್ಣಕ್ಕೆ ತಿರುಗಿ ಅರ್ಧ ಅಕ್ಷರ ಅಳಿಸಿಹೋಗಿದೆ. ಒಂದು ರಾತ್ರಿ ಶಿಫ್ಟ್‌ನಲ್ಲಿ ಹೊಸ ಹುಡುಗನೊಬ್ಬ 3ನ್ನು 8 ಅಂದುಕೊಂಡು ಬಾಗಿಲು ನೋಡೋ ಬದಲು ಗ್ಯಾಸ್ ನೋಡ್ತಾ ನಿಂತ. ಒಂದು ಟ್ರಾಲಿ ಮಾಲು ಹಾಳಾಯ್ತು. ಅವನ ಅರ್ಧ ದಿನದ ಕೂಲಿ ಹಿಡಿದರಂತೆ.

ನಾವು ಮಾಡಿದ ಪ್ರಾಜೆಕ್ಟ್ ಅದಕ್ಕೇ ಒಂದು ಡಿಸ್‌ಪ್ಲೇ. ಆರ್ಡುಯಿನೋ ಊನೋ, ಒಂದು ಥರ್ಮೋಕಪಲ್, ಬಾಗಿಲಿಗೆ ಒಂದು ಸ್ವಿಚ್, ಮತ್ತು ಲ್ಯಾಬ್‌ನಲ್ಲಿ ಎಲ್ಲರೂ ಬಳಸೋ 16 ಅಕ್ಷರ, 2 ಸಾಲಿನ ಎಲ್‌ಸಿಡಿ. ಕೋಡ್ ನಂಬರ್ ಬದಲು ಪೂರ್ತಿ ಮಾತು ಬರಬೇಕು ಅನ್ನೋದು ಉದ್ದೇಶ. ತಗೊಂಡು ಹೋಗಿ ತೋರಿಸಿದ್ವಿ. 'ಡೋರ್ ಓಪನ್', 'ಓವರ್ ಟೆಂಪ್' ಅಂತ ಇಂಗ್ಲಿಷಲ್ಲಿ ಚೆನ್ನಾಗಿ ಬಂತು. ಮಾವ ನೋಡಿ, "ಚೆನ್ನಾಗಿದೆ. ಇದನ್ನೇ ಕನ್ನಡದಲ್ಲಿ ತೋರಿಸೋಕೆ ಆಗಲ್ವಾ ಪುಟ್ಟಿ?" ಅಂದ್ರು.

"ಆಗಲ್ಲ ಮಾವ. ಇದು ಚಿಕ್ಕ ಚಿಪ್ಪು. ಮೆಮೊರಿ ಸಾಲಲ್ಲ."

"ಎಷ್ಟು ಸಾಲಲ್ಲ?"

ಅವರು ತಮಾಷೆಗೆ ಕೇಳಿದ್ದಲ್ಲ. ದಿನಾ ಪುಡಿಯನ್ನು ತೂಕ ಹಾಕಿ, ಗ್ಯಾಸನ್ನು ಸಿಲಿಂಡರ್ ಲೆಕ್ಕದಲ್ಲಿ ನೋಡೋರಿಗೆ ಅದು ಸಹಜವಾದ ಪ್ರಶ್ನೆ. ಸಾಲಲ್ಲ ಅಂದ್ರೆ ಎಷ್ಟು ಬೇಕು, ಎಷ್ಟಿದೆ, ಎಷ್ಟು ಕಮ್ಮಿ. ನಾವು ನಾಲ್ಕೂ ಜನ ಇಂಜಿನಿಯರಿಂಗ್ ಓದ್ತಾ ಇದ್ದೀವಿ, ನಾಲ್ಕೂ ಜನರ ಹತ್ರ ಉತ್ತರ ಇರಲಿಲ್ಲ. 'ಸಾಲಲ್ಲ' ಅನ್ನೋದನ್ನ ನಾವು ಎಲ್ಲೋ ಕೇಳಿ, ಹಾಗೇ ನಂಬಿಕೊಂಡಿದ್ವಿ. ಅಳತೆ ಮಾಡಿರಲಿಲ್ಲ.

ಈ ಲೇಖನ ಆ ಉತ್ತರ. ತಡವಾಗಿ ಕೊಡ್ತಾ ಇದ್ದೀವಿ.

ಜಾಗ ತಿಂದಿದ್ದು ಯಾರು?

ಮೊದಲು ಇರೋ ಜಾಗದ ಲೆಕ್ಕ. ಊನೋದಲ್ಲಿರೋದು ಎಟಿಮೆಗಾ 328ಪಿ. ಪ್ರೋಗ್ರಾಂ ಇಡೋಕೆ ಫ್ಲ್ಯಾಶ್ 32 ಕೆಬಿ, ಅದರಲ್ಲಿ ಬೂಟ್‌ಲೋಡರ್ ಅರ್ಧ ಕೆಬಿ ತಗೊಂಡು ನಮಗೆ ಉಳಿಯೋದು 32,256 ಬೈಟ್. ರ‍್ಯಾಮ್ 2 ಕೆಬಿ, ಅಂದ್ರೆ 2048 ಬೈಟ್. ಏನೂ ಇಲ್ಲದ ಖಾಲಿ ಸ್ಕೆಚ್ ಕಂಪೈಲ್ ಮಾಡಿದ್ರೆ ಸುಮಾರು 450 ಬೈಟ್ ಆಗುತ್ತೆ. ಇಷ್ಟು ನಮಗೆಲ್ಲ ಗೊತ್ತು, ಸ್ಕ್ರೀನಿನ ಕೆಳಗೆ ಕಂಪೈಲರ್ ತಾನೇ ಹೇಳುತ್ತೆ. ನಾವು ಓದಲ್ಲ ಅಷ್ಟೇ.

ನಮ್ಮ ಕೋಡ್‌ನಲ್ಲಿ ಉಷ್ಣಾಂಶ ತೋರಿಸೋಕೆ ಎಸ್‌ಪ್ರಿಂಟ್‌ಎಫ್ ಬಳಸಿದ್ವಿ. ಸಿ ಕಲಿಯೋ ಮೊದಲ ದಿನವೇ ಪ್ರಿಂಟ್‌ಎಫ್ ಬರೆದವರು ನಾವು, ಬೇರೆ ದಾರಿ ತಲೆಗೇ ಬರಲಿಲ್ಲ. ಪರ್ಸೆಂಟ್ ಎಫ್ ಹಾಕಿದ್ರೆ 185.5 ಬರೋ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು. ಎವಿಆರ್ ಚಿಪ್ಪಿಗೆ ಬರೋ ಸಿ ಲೈಬ್ರರಿಯಲ್ಲಿ ಪ್ರಿಂಟ್‌ಎಫ್ ಮೂರು ಸೈಜಲ್ಲಿದೆ, ಚಿಕ್ಕದು, ಸಾಮಾನ್ಯದ್ದು, ದಶಮಾಂಶ ಬರೆಯೋ ದೊಡ್ಡದು. ಸುಮ್ಮನಿದ್ರೆ ಸಿಗೋದು ಮಧ್ಯದ್ದು, ಅದಕ್ಕೆ ದಶಮಾಂಶ ಬರಲ್ಲ. ನಾವು ನೆಟ್ಟಲ್ಲಿ ಹುಡುಕಿ, ಲಿಂಕರ್‌ಗೆ ಒಂದು ಸಾಲು ಸೇರಿಸಿ, ದೊಡ್ಡದನ್ನು ಎಳೆದುಕೊಂಡ್ವಿ. ಕೆಲಸ ಆಯ್ತು, ಖುಷಿಪಟ್ವಿ. ಸೈಜ್ ನೋಡಲಿಲ್ಲ.

ಮಾವನ ಪ್ರಶ್ನೆ ಆದ ಮೇಲೆ ನೋಡಿದ್ವಿ. ಕಂಪೈಲರ್ ಆವೃತ್ತಿಗೆ ತಕ್ಕ ಹಾಗೆ ಅಂಕಿ ಸ್ವಲ್ಪ ಹಿಂದೆ ಮುಂದೆ ಆಗುತ್ತೆ, ಆದ್ರೆ ಸಾಲು ಹೀಗಿದೆ. ಒಂದು ವಾಕ್ಯವನ್ನು ಅಕ್ಷರ ಅಕ್ಷರವಾಗಿ ಕಳಿಸೋ ಲೂಪ್ ನಾವೇ ಬರೆದುಕೊಂಡ್ರೆ ಕೆಲವು ಹತ್ತು ಬೈಟ್. ಪೂರ್ಣಾಂಕವನ್ನು ಅಕ್ಷರ ಮಾಡೋ ಐಟುಎ ನೂರರ ಆಸುಪಾಸು. ಸಾಮಾನ್ಯ ಪ್ರಿಂಟ್‌ಎಫ್ ಸುಮಾರು ಒಂದೂವರೆ ಕೆಬಿ. ದಶಮಾಂಶದ ಪ್ರಿಂಟ್‌ಎಫ್ ಹೆಚ್ಚುಕಮ್ಮಿ ಅದರ ಎರಡರಷ್ಟು, ಮೂರು ಕೆಬಿ.

ಯಾಕಿಷ್ಟು ದಪ್ಪ? ಪ್ರಿಂಟ್‌ಎಫ್‌ಗೆ ನಾವು ಕೊಡೋ ಪರ್ಸೆಂಟ್ ಚಿಹ್ನೆಗಳ ಸಾಲನ್ನು ಅದು ಓದೋದು ಚಿಪ್ಪು ಓಡ್ತಾ ಇರುವಾಗ. ಲಿಂಕ್ ಮಾಡೋ ಹೊತ್ತಿಗೆ ಯಾವುದು ಬೇಕಾಗುತ್ತೆ ಅಂತ ಲಿಂಕರ್‌ಗೆ ಗೊತ್ತಾಗಲ್ಲ. ಹಾಗಾಗಿ ನಾವು ಬರೀ ಪರ್ಸೆಂಟ್ ಡಿ ಬಳಸಿದ್ರೂ ಹೆಕ್ಸಾಡೆಸಿಮಲ್, ಆಕ್ಟಲ್, ಎಡಕ್ಕೆ ಒತ್ತೋದು, ಬಲಕ್ಕೆ ಒತ್ತೋದು, ಸೊನ್ನೆ ತುಂಬೋದು ಎಲ್ಲಾ ಒಟ್ಟಿಗೆ ಬರುತ್ತೆ. ಒಂದು ಲೋಟ ಕಾಫಿ ಬೇಕು ಅಂತ ಇಡೀ ದರ್ಶಿನಿಯ ಅಡುಗೆಮನೆಯನ್ನೇ ಮನೆಗೆ ಹೊತ್ಕೊಂಡು ಬಂದ ಹಾಗೆ. ದೊಡ್ಡ ಕಂಪ್ಯೂಟರ್‌ನಲ್ಲಿ ಇದು ಗೊತ್ತೇ ಆಗಲ್ಲ. 32 ಕೆಬಿಯ ಮನೇಲಿ ಗೊತ್ತಾಗುತ್ತೆ. ಬರೀ ವಾಕ್ಯ ಕೊಟ್ಟು ಕೊನೆಗೆ ಹೊಸ ಸಾಲಿನ ಚಿಹ್ನೆ ಹಾಕಿದ್ರೆ ಜಿಸಿಸಿ ಕಂಪೈಲರ್ ತಾನೇ ಪ್ರಿಂಟ್‌ಎಫ್ ತೆಗೆದು ಪುಟ್‌ಎಸ್ ಹಾಕಿಬಿಡುತ್ತೆ. ಕಂಪೈಲರ್‌ಗೆ ಇರೋ ಮಿತವ್ಯಯ ನಮಗಿಲ್ಲ.

ಇನ್ನೂ ನಾಚಿಕೆ ಆಗೋ ವಿಷಯ ಒಂದಿದೆ. ನಮ್ಮ ಥರ್ಮೋಕಪಲ್ ಓದೋದು ಮ್ಯಾಕ್ಸ್ 6675 ಅನ್ನೋ ಚಿಪ್ಪು. ಅದು ಕೊಡೋದು 12 ಬಿಟ್‌ನ ಒಂದು ಪೂರ್ಣಾಂಕ, ಒಂದೊಂದು ಎಣಿಕೆಗೆ ಕಾಲು ಡಿಗ್ರಿ. ಅಂದ್ರೆ ಸೆನ್ಸರ್ ನಮಗೆ ಕೊಟ್ಟಿದ್ದೇ ಪೂರ್ಣಾಂಕ. ನಾವು ಅದನ್ನ 0.25ರಿಂದ ಗುಣಿಸಿ ದಶಮಾಂಶ ಮಾಡಿ, ಆಮೇಲೆ ಆ ದಶಮಾಂಶವನ್ನ ಅಕ್ಷರ ಮಾಡೋಕೆ ಮೂರು ಕೆಬಿ ಖರ್ಚು ಮಾಡಿದ್ವಿ. ನಾಲ್ಕರಿಂದ ಭಾಗಿಸಿದ್ರೆ ಬರೋದು ಡಿಗ್ರಿ, ಉಳಿದ ಶೇಷವನ್ನ 25ರಿಂದ ಗುಣಿಸಿದ್ರೆ ಚುಕ್ಕಿಯ ಆಚೆಯ ಭಾಗ. ಎಣಿಕೆ 742 ಬಂದ್ರೆ 185, ಶೇಷ 2, ಅಂದ್ರೆ 185.50. ಐದನೇ ಕ್ಲಾಸಿನ ಲೆಕ್ಕ.

ಒಟ್ಟಿನಲ್ಲಿ, ಮೆಮೊರಿ ಸಾಲಲ್ಲ ಅಂತ ಮಾವನಿಗೆ ಹೇಳಿದ ದಿನ ನಮ್ಮ ಚಿಪ್ಪಿನ ಮೂರು ಕೆಬಿ ಬರೀ ನಮ್ಮ ಸೋಮಾರಿತನಕ್ಕೆ ಹೋಗಿತ್ತು.

ಕನ್ನಡಕ್ಕೆ ಎಷ್ಟು ಬೇಕು?

ಈಗ ಇನ್ನೊಂದು ಪಕ್ಕದ ಲೆಕ್ಕ. ಮೊದಲು ನಾವು ಮಾಡಿದ ದಡ್ಡ ಪ್ರಯತ್ನ ಹೇಳ್ತೀವಿ. 'ಬಾಗಿಲು ತೆರೆದಿದೆ' ಅಂತ ನೇರವಾಗಿ ಕೋಡ್‌ನಲ್ಲಿ ಟೈಪ್ ಮಾಡಿ ಎಲ್‌ಸಿಡಿಗೆ ಕಳಿಸಿದ್ವಿ. ಯೂನಿಕೋಡ್‌ನ ಯುಟಿಎಫ್ 8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಬ ಒಂದು, ಅದರ ದೀರ್ಘ ಇನ್ನೊಂದು, ಹೀಗೆ ಎಣಿಸಿದ್ರೆ ಈ ಎರಡು ಪದಕ್ಕೆ 14 ಸಂಕೇತ, ಮಧ್ಯದ ಜಾಗ ಸೇರಿ 43 ಬೈಟ್. ಎಲ್‌ಸಿಡಿ ತುಂಬಾ ಕಸ ಬಂತು. ಆದ್ರೆ ಆ ಕಸವನ್ನ ಗಮನವಿಟ್ಟು ನೋಡಿದ್ವಿ. 'ಬ' ಅನ್ನೋದರ ಮೂರು ಬೈಟಿಗೆ ಬಂದಿದ್ದು ಒಂದು ಗ್ರೀಕ್ ಆಲ್ಫಾ, ಆಮೇಲೆ ಎರಡು ಜಪಾನಿ ಅಕ್ಷರ!

ಕಾರಣ ಇಷ್ಟೇ. ಈ ಎಲ್‌ಸಿಡಿಗಳು ಹಿಟಾಚಿ ಕಂಪನಿಯ ಎಚ್‌ಡಿ 44780 ಅನ್ನೋ ಚಿಪ್ಪಿನ ಪದ್ಧತಿಯಲ್ಲಿ ನಡೆಯುತ್ತವೆ. ಅದರ ಒಂದು ಆವೃತ್ತಿಯ ರಾಮ್ ಒಳಗೆ, ಇಂಗ್ಲಿಷ್ ಜೊತೆಗೆ ಜಪಾನಿನ ಕಟಕಾನಾ ಲಿಪಿಯನ್ನೂ ಕೆತ್ತಿಟ್ಟಿದ್ದಾರೆ. ನಮ್ಮ ಲ್ಯಾಬಿನ ಎಲ್‌ಸಿಡಿ ಆ ಜಾತಿಯದು. ನಮ್ಮದೇ ಕ್ಯಾಂಪಸ್‌ನಲ್ಲಿ, ಬೆಂಗಳೂರಲ್ಲಿ, ಕನ್ನಡ ಬರದ ಆದ್ರೆ ಜಪಾನಿ ಬರೋ ಡಿಸ್‌ಪ್ಲೇಗಳು ಡ್ರಾಯರ್ ತುಂಬಾ ಇವೆ. ಜಪಾನಿನವರ ಮೇಲೆ ನಮಗೇನೂ ಸಿಟ್ಟಿಲ್ಲ. ಅಷ್ಟು ಚಿಕ್ಕ ರಾಮ್‌ನಲ್ಲೂ ತಮ್ಮ ಆಪರೇಟರ್ ಓದಬೇಕು ಅಂತ ಅಲ್ಲಿ ಯಾರೋ ಕೂತು ಜಾಗ ಲೆಕ್ಕ ಹಾಕಿದ್ದಾರೆ. ನಮ್ಮ ಕಡೆ ಆ ಲೆಕ್ಕ ಹಾಕೋರು ಯಾರು? ನಾವೇ ಅಲ್ವಾ?

ಆ ಎಲ್‌ಸಿಡಿಯಲ್ಲಿ ನಮಗೆ ಬೇಕಾದ ಆಕಾರ ಬರೆದುಕೊಳ್ಳೋಕೆ 8 ಮನೆ ಇವೆ, ಒಂದೊಂದು 5 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ಇಷ್ಟರಲ್ಲಿ 'ಚ್ಚಾ' ಬರೆದು ನೋಡಿ. ಆಗಲ್ಲ. ಇದು ನಿಜವಾದ ಮಿತಿ, ಒಪ್ಪಿಕೊಳ್ತೀವಿ. ಹಾಗಾಗಿ ಡಿಸ್‌ಪ್ಲೇ ಬದಲಾಯಿಸಿದ್ವಿ. ಎಲ್ಲರ ಹತ್ರಾನೂ ಇರೋ ಚಿಕ್ಕ ಓಎಲ್‌ಇಡಿ, 128 ಚುಕ್ಕಿ ಅಗಲ, 64 ಚುಕ್ಕಿ ಎತ್ತರ, ಒಳಗೆ ಎಸ್‌ಎಸ್‌ಡಿ 1306 ಚಿಪ್ಪು. ಇಡೀ ಚಿತ್ರವನ್ನ ಊನೋದ ರ‍್ಯಾಮ್‌ನಲ್ಲಿ ಇಟ್ಟುಕೊಂಡ್ರೆ 1024 ಬೈಟ್, ಅಂದ್ರೆ ಅರ್ಧ ರ‍್ಯಾಮ್ ಹೋಯ್ತು. ಆದ್ರೆ ಇಟ್ಟುಕೊಳ್ಳಬೇಕಾಗಿಲ್ಲ. ಡಿಸ್‌ಪ್ಲೇ ಒಳಗೇ ಅದರ ರ‍್ಯಾಮ್ ಇದೆ, ಎಂಟೆಂಟು ಚುಕ್ಕಿಯ ಪಟ್ಟಿ ಪಟ್ಟಿಯಾಗಿ ನೇರ ಅಲ್ಲಿಗೇ ಬರೆಯಬಹುದು.

ಮುಂದಿನ ಪ್ರಶ್ನೆ ಒತ್ತಕ್ಷರದ್ದು. ಕನ್ನಡದಲ್ಲಿ ಗುಣಿತ, ಒತ್ತು ಸೇರಿ ಆಕಾರ ಬದಲಾಗುತ್ತೆ. ಫೋನ್‌ನಲ್ಲಿ ಅದನ್ನ ಜೋಡಿಸೋಕೆ ಒಂದು ದೊಡ್ಡ ತಂತ್ರಾಂಶವೇ ಬೇಕು, ಅದು 32 ಕೆಬಿಯಲ್ಲಿ ಕೂರಲ್ಲ. 'ಮೆಮೊರಿ ಸಾಲಲ್ಲ' ಅನ್ನೋ ಮಾತು ಹುಟ್ಟಿದ್ದು ಇಲ್ಲೇ ಇರಬೇಕು. ಆದ್ರೆ ಓವನ್ ಏನು ಕಾದಂಬರಿ ಬರೆಯುತ್ತಾ? ಅದಕ್ಕೆ ಹೇಳೋಕಿರೋದು ಆರೇ ಮಾತು:

ಬಾಗಿಲು ತೆರೆದಿದೆ
ಬಿಸಿ ಹೆಚ್ಚಾಗಿದೆ
ಬಿಸಿ ಸಾಲದು
ಗ್ಯಾಸ್ ಇಲ್ಲ
ಫ್ಯಾನ್ ನಿಂತಿದೆ
ಮಾಲು ತೆಗೆಯಿರಿ

ಮಾತುಗಳು ಮೊದಲೇ ಗೊತ್ತಿದ್ರೆ ಜೋಡಿಸೋ ಕೆಲಸವನ್ನ ಲ್ಯಾಪ್‌ಟಾಪ್‌ನಲ್ಲೇ ಮುಗಿಸಬಹುದು. ಚಿಪ್ಪಿಗೆ ಹೋಗೋದು ಸಿದ್ಧವಾದ ಆಕಾರ ಮಾತ್ರ. ಈ ಆರು ಮಾತಿನಲ್ಲಿ ಎಷ್ಟು ಬೇರೆ ಬೇರೆ ಅಕ್ಷರ ಇವೆ ಅಂತ ಕಾಗದದ ಮೇಲೆ ಎಣಿಸಿದ್ವಿ. ಬಾ, ಗಿ, ಲು, ತೆ, ರೆ, ದಿ, ದೆ, ಹೀಗೆ. 'ನಿಂ' ಒಂದೇ ಅಕ್ಷರ, 'ಚ್ಚಾ' ಒಂದೇ ಅಕ್ಷರ. 'ಗಿ', 'ದೆ', 'ಲು', 'ತೆ', 'ಬಿ', 'ಸಿ' ಮತ್ತೆ ಮತ್ತೆ ಬರುತ್ತವೆ. ಒಟ್ಟು 26.

ಒಂದೊಂದಕ್ಕೂ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ ಕೊಟ್ರೆ 32 ಬೈಟ್. 26 ಅಕ್ಷರಕ್ಕೆ 832 ಬೈಟ್. ಆದ್ರೆ ಆ ಅಳತೆಯಲ್ಲಿ 'ಚ್ಚಾ', 'ಫ್ಯಾ' ಎಲ್ಲಾ ಹಿಸುಕಿದ ಹಾಗೆ ಕಾಣ್ತಿತ್ತು, ಒತ್ತು ಓದೋಕೇ ಆಗ್ತಿರಲಿಲ್ಲ. 24ಕ್ಕೆ 24 ಮಾಡಿದ್ವಿ. ಒಂದು ಅಕ್ಷರಕ್ಕೆ 72 ಬೈಟ್, 26ಕ್ಕೆ 1872.

ಇನ್ನು ಮಾತುಗಳು. ಅಕ್ಷರಕ್ಕೆ ಒಂದು ನಂಬರ್ ಕೊಟ್ಟು, ಮಾತನ್ನ ನಂಬರ್‌ಗಳ ಸಾಲಾಗಿ ಇಟ್ಕೊಂಡ್ವಿ. 'ಬಾಗಿಲು ತೆರೆದಿದೆ' ಅಂದ್ರೆ ಏಳು ಅಕ್ಷರ, ಒಂದು ಜಾಗ, ಒಟ್ಟು 8 ಬೈಟ್. ಇಂಗ್ಲಿಷಿನ 'ಡೋರ್ ಓಪನ್' 9 ಬೈಟ್! 'ಗ್ಯಾಸ್ ಇಲ್ಲ' 5 ಬೈಟ್. ಆರೂ ಮಾತು ಸೇರಿ 39 ಬೈಟ್, ಮಾತು ಮುಗೀತು ಅನ್ನೋ ಗುರುತು ಆರು ಸೇರಿಸಿದ್ರೆ 45.

ಒಟ್ಟು 1872 ಮತ್ತು 45. ಅಂದ್ರೆ 1917 ಬೈಟ್. ಎರಡು ಕೆಬಿಗಿಂತ ಕಮ್ಮಿ.

ಮಾವ, ಇದೇ ನಿಮ್ಮ ಉತ್ತರ. ನಾವು ದಶಮಾಂಶ ಬರೆಯೋಕೆ ಸುಮ್ಮನೆ ಕಳೆದ ಜಾಗದಲ್ಲಿ ನಿಮ್ಮ ಓವನ್‌ನ ಪೂರ್ತಿ ಕನ್ನಡ ಕೂತು ಇನ್ನೂ ಸುಮಾರು ಒಂದು ಕೆಬಿ ಉಳಿಯುತ್ತೆ. ನಮ್ಮ ಸಿಲೆಬಸ್‌ನಲ್ಲಿರೋ ಮೂಲ 8051 ಚಿಪ್ಪಿನ 4 ಕೆಬಿ ರಾಮ್‌ನಲ್ಲೂ ಇದು ಅರ್ಧಕ್ಕಿಂತ ಕಡಿಮೆ.

ಪರದೆ ಮೇಲೂ ಲೆಕ್ಕ ಸರಿಹೋಯ್ತು. ಮೊದಲ ಪದ ಮೇಲಿನ 24 ಚುಕ್ಕಿಯಲ್ಲಿ, ಎರಡನೇ ಪದ ಅದರ ಕೆಳಗಿನ 24ರಲ್ಲಿ, ಉಳಿದ 16ರಲ್ಲಿ ಉಷ್ಣಾಂಶದ ಅಂಕಿ. 24, 24, 16 ಕೂಡಿದ್ರೆ 64. ನಾಲ್ಕು ಅಕ್ಷರಕ್ಕಿಂತ ಉದ್ದದ ಪದ ಇಲ್ಲದ್ದರಿಂದ ಅಗಲವೂ ಸಾಕು.

ಚಿಪ್ಪಿಗೆ ಯಾವ ಕನ್ನಡ ಇಷ್ಟ?

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ನಮ್ಮಲ್ಲಿ ಇಬ್ಬರಿಗೆ ಕನ್ನಡ ಎರಡನೇ ಭಾಷೆ, ಇನ್ನಿಬ್ಬರಿಗೆ ಮೂರನೇದು. ಪರೀಕ್ಷೆಗೆ ಓದಿ, ಮಾರ್ಕ್ಸ್ ತಗೊಂಡು, ಅಲ್ಲೇ ಬಿಟ್ಟು ಬಂದ ಭಾಷೆ. ಹಾಗಾಗಿ ಮೊದಲು ನಾವು ಬರೆದ ಮಾತು 'ತಾಪಮಾನ ಅಧಿಕವಾಗಿದೆ'. ಮಾವ ಓದಿ ನಕ್ಕುಬಿಟ್ರು. "ಇದೇನು ನ್ಯೂಸ್ ಓದ್ತಾ ಇದ್ದೀರಾ? ಬಿಸಿ ಹೆಚ್ಚಾಗಿದೆ ಅನ್ನಿ, ಎಲ್ಲರಿಗೂ ಗೊತ್ತಾಗುತ್ತೆ."

ಎಣಿಸಿ ನೋಡಿದ್ರೆ ನಮ್ಮದು 11 ಬೈಟ್, ಅವರದು 7. 'ಅನಿಲ ಲಭ್ಯವಿಲ್ಲ' ಅಂತ ಇನ್ನೊಂದು ಬರೆದಿದ್ವಿ, ಅದು 'ಗ್ಯಾಸ್ ಇಲ್ಲ' ಆಯ್ತು. 'ವಸ್ತುಗಳನ್ನು ಹೊರತೆಗೆಯಿರಿ' ಅನ್ನೋದು 'ಮಾಲು ತೆಗೆಯಿರಿ' ಆಯ್ತು. ಕನ್ನಡದಲ್ಲಿ ಟೆಕ್ನಿಕಲ್ ಪದ ಇಲ್ಲ ಅಂತ ಹೇಳೋರನ್ನ ನಾವು ಕೇಳಿದ್ದೀವಿ, ನಾವೂ ಹೇಳಿದ್ದೀವಿ. ಪೀಣ್ಯದ ಆ ಶೆಡ್‌ನಲ್ಲಿ ಪದಗಳಿಗೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದಿದ್ದು ನಮ್ಮ ಹತ್ರ. ಆ ಮಧ್ಯಾಹ್ನ ನಾವು ಕಾಗುಣಿತವನ್ನ ಹೊಸದಾಗಿ ಕಲಿತ ಹಾಗಾಯ್ತು. ಅಕ್ಷರ ಅಂದ್ರೆ ಕೀಬೋರ್ಡ್‌ನ ಒಂದು ಕೀ ಅಲ್ಲ, ಬಾಯಿಂದ ಒಂದು ಸಲಕ್ಕೆ ಹೊರಡೋ ಸದ್ದು ಅಂತ ಅರ್ಥ ಆಗಿದ್ದು, ಅದಕ್ಕೆ ಒಂದೇ ಬೈಟ್ ಸಾಕು ಅಂತ ಕಂಡಾಗ.

ಇದೇನು ಹೊಸ ಕಂಡುಹಿಡಿತ ಅಲ್ಲ

ಇಲ್ಲಿ ಒಂದು ಸ್ಪಷ್ಟನೆ. ನಾವು ಏನೋ ಸಾಧನೆ ಮಾಡಿದ್ದೀವಿ ಅಂತ ಹೇಳ್ತಾ ಇಲ್ಲ. ನಮಗಿಂತ ಎಷ್ಟೋ ಮುಂಚೆ ಇದೇ ಥರ ಯೋಚಿಸಿದವರು ನಮ್ಮ ಸುತ್ತಲೇ ಇದ್ದಾರೆ.

ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಬಿಇಎಲ್ ಇದೆ. ಮತಯಂತ್ರದ ಜೊತೆ ಇಡೋ ವಿವಿಪ್ಯಾಟ್ ಯಂತ್ರಗಳನ್ನ ಮಾಡೋ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಅದೂ ಒಂದು. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲಾ ಕ್ಷೇತ್ರದಲ್ಲೂ ಅದನ್ನ ಬಳಸಿದ್ರು. ಬಟನ್ ಒತ್ತಿದ ಮೇಲೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರೋ ಚೀಟಿ 7 ಸೆಕೆಂಡ್ ಕಾಣುತ್ತೆ. ಆ ಹೆಸರು, ಚಿಹ್ನೆಯನ್ನ ಮೊದಲೇ ಕಂಪ್ಯೂಟರ್‌ನಲ್ಲಿ ಚಿತ್ರವಾಗಿ ತಯಾರಿಸಿ ಯಂತ್ರಕ್ಕೆ ತುಂಬಿರ್ತಾರೆ. ಜೋಡಿಸೋ ಕೆಲಸ ಹೊರಗೆ, ತೋರಿಸೋ ಕೆಲಸ ಒಳಗೆ. ನಮ್ಮ ಓವನ್ ಡಿಸ್‌ಪ್ಲೇ ಮಾಡೋದೂ ಅಷ್ಟೇ.

ಯೂನಿಕೋಡ್ ಎಲ್ಲಾ ಕಡೆ ಹರಡೋ ಮುಂಚೆ ನಮ್ಮ ಅಪ್ಪ ಅಮ್ಮಂದಿರ ಕಾಲದ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ ಅಂತ ತಂತ್ರಾಂಶಗಳಿದ್ವು. ಅವುಗಳ ಹಳೇ ಫಾಂಟ್‌ಗಳಲ್ಲಿ ಇಡೀ ಕನ್ನಡವನ್ನ ಬಿಡಿ ಆಕಾರಗಳಾಗಿ ಒಡೆದು ಒಂದು ಬೈಟಿನ ಸಂಕೇತದಲ್ಲಿ ಕೂರಿಸಿದ್ರು. ಒಂದು ಬೈಟ್ ಅಂದ್ರೆ ಹೆಚ್ಚಂದ್ರೆ 256 ಆಕಾರ. ಆ 256ಕ್ಕೂ 24 ಚುಕ್ಕಿಯ ಚೌಕ ಕೊಟ್ರೂ 18 ಕೆಬಿ. ಒತ್ತನ್ನ ಎಲ್ಲಿ ಕೂರಿಸಬೇಕು ಅನ್ನೋ ಕೋಡ್ ಬೇರೆ ಬೇಕು, ನಿಜ. ಆದ್ರೂ ಊನೋದ 32 ಕೆಬಿಯಲ್ಲಿ ಅದಕ್ಕೆ ಜಾಗ ಮಿಗುತ್ತೆ. ಅಂದ್ರೆ ಆರು ಮಾತಿಗಷ್ಟೇ ಅಲ್ಲ, ಪೂರ್ತಿ ಕನ್ನಡಕ್ಕೂ ದಾರಿ ಇದೆ.

ಈ ಕಡೆ ಎಲೆಕ್ಟ್ರಾನಿಕ್ ಸಿಟಿಯನ್ನ ನೋಡಿ. ಎಪ್ಪತ್ತರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಬಯಲಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಊರನ್ನ ಕನಸು ಕಂಡ್ರು. ಎಲೆಕ್ಟ್ರಾನಿಕ್ಸ್ ಅನ್ನೋ ಹೆಸರಲ್ಲೇ ಒಂದು ಊರಿರೋ ನಾಡು ನಮ್ಮದು. ನಾವು ಓದು ಮುಗಿಸಿ ಹೋಗಿ ಕೂರೋದು ಅಲ್ಲಿ, ಇಲ್ಲಾ ವೈಟ್‌ಫೀಲ್ಡ್‌ನಲ್ಲಿ, ಇಲ್ಲಾ ಪೀಣ್ಯದಲ್ಲಿ. ಡಿಸ್‌ಪ್ಲೇಯಲ್ಲಿ ಏನು ಬರಬೇಕು ಅಂತ ತೀರ್ಮಾನ ಮಾಡೋ ಮೇಜಿನ ಮುಂದೆ ಇನ್ನು ಮೂರು ವರ್ಷಕ್ಕೆ ಕೂರೋರು ನಾವು ನೀವೇ.

ನೀವು ಹೇಳೋದು ಗೊತ್ತು

"ಈಗ ಫ್ಲ್ಯಾಶ್ ಅಗ್ಗ ಕಣ್ರೋ, ಬೈಟ್ ಎಣಿಸೋ ಕಾಲ ಹೋಯ್ತು" ಅಂತ ಒಬ್ಬ ಸೀನಿಯರ್ ಅಂದ್ರು. ಸರಿ. ಬ್ಲೂ ಪಿಲ್ ಬೋರ್ಡ್‌ನ ಎಸ್‌ಟಿಎಂ 32ರಲ್ಲಿ 64 ಕೆಬಿ ಇದೆ. ಅದರಲ್ಲಿ ಪೂರ್ತಿ ಸಿ ಲೈಬ್ರರಿಯ ಪ್ರಿಂಟ್‌ಎಫ್ ಎಳೆದುಕೊಂಡ್ರೆ ಹತ್ತಾರು ಕೆಬಿ ಹೋಗುತ್ತೆ, ಅದಕ್ಕೇ ನ್ಯೂಲಿಬ್ ನ್ಯಾನೋ ಅಂತ ಚಿಕ್ಕದೊಂದು ಮಾಡಿದ್ದಾರೆ. ಆದ್ರೆ ನಮ್ಮ ಪ್ರಶ್ನೆ ಬೇರೆ. ಜಾಗ ಅಗ್ಗ ಆಗಿದ್ರೆ ಕನ್ನಡಕ್ಕೆ ಜಾಗ ಇಲ್ಲ ಅಂತ ಹೇಳೋ ಹಾಗಿಲ್ಲ. ಜಾಗ ದುಬಾರಿ ಆಗಿದ್ರೆ ಪ್ರಿಂಟ್‌ಎಫ್‌ಗೆ ಮೂರು ಕೆಬಿ ಕೊಡೋ ಹಾಗಿಲ್ಲ. ನಮಗೆ ಅನುಕೂಲ ಬೇಕಾದಾಗ ಮೆಮೊರಿ ಅಗ್ಗ, ಆಪರೇಟರ್‌ಗೆ ಅನುಕೂಲ ಬೇಕಾದಾಗ ಮೆಮೊರಿ ಸಾಲಲ್ಲ. ಈ ಎರಡನ್ನೂ ಒಂದೇ ಬಾಯಿ ಹೇಳಬಾರದು.

"ಪೀಣ್ಯದಲ್ಲಿ ಎಲ್ಲರಿಗೂ ಕನ್ನಡ ಬರುತ್ತಾ?" ಅಂತ ಇನ್ನೊಬ್ಬರು. ಇಲ್ಲ. ಮಾವನ ಶೆಡ್‌ನಲ್ಲೇ ರಾಯಚೂರಿನವರಿದ್ದಾರೆ, ಬಿಹಾರದವರಿದ್ದಾರೆ, ಒಡಿಶಾದವರಿದ್ದಾರೆ. ಚುಕ್ಕಿಗೆ ಭಾಷೆ ಗೊತ್ತಿಲ್ಲ. ಇದೇ ಪದ್ಧತಿಯಲ್ಲಿ ಹಿಂದಿಯ ಆರು ಮಾತು, ಒಡಿಯಾದ ಆರು ಮಾತು ಸೇರಿಸಿದ್ರೂ ನಮ್ಮ ಅಂದಾಜಿನಲ್ಲಿ ಆರು ಕೆಬಿ ಆಸುಪಾಸು. ಒಂದು ಬಟನ್ ಇಟ್ಟು ಬದಲಾಯಿಸಿಕೊಳ್ಳಬಹುದು. ಓದೋನು ಯಾರು ಅನ್ನೋದು ಮುಖ್ಯ. ಈಗಿರೋ 'ಇ 3' ಯಾರ ಮಾತೃಭಾಷೆಯೂ ಅಲ್ಲ.

ಪ್ರಿಂಟ್‌ಎಫ್ ಕೆಟ್ಟದ್ದು ಅಂತಲೂ ನಾವು ಹೇಳ್ತಿಲ್ಲ. ರಾತ್ರಿ ಎರಡು ಗಂಟೆಗೆ ಕೋಡ್ ಯಾಕೆ ಓಡ್ತಿಲ್ಲ ಅಂತ ತಲೆ ಕೆಡಿಸಿಕೊಂಡಾಗ ಅದೇ ನಮ್ಮ ದೇವರು. ಡೀಬಗ್ ಮಾಡುವಾಗ ಇರಲಿ, ಕೊನೆಗೆ ಕಳಿಸೋ ಕೋಡ್‌ನಲ್ಲಿ ಅದು ಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ, ಅಷ್ಟೇ. ಹಾಗೇ, ಯಾವ ಹೆಸರು ಬೇಕಾದ್ರೂ ಬರಬಹುದಾದ ಕಡೆ, ಅಂದ್ರೆ ಆಸ್ಪತ್ರೆಯ ಟೋಕನ್ ಬೋರ್ಡ್‌ನಂಥದ್ದಕ್ಕೆ, ನಮ್ಮ 26 ಅಕ್ಷರದ ಉಪಾಯ ನಡೆಯಲ್ಲ. ಅಲ್ಲಿ ದೊಡ್ಡ ಚಿಪ್ಪೇ ಬೇಕಾಗಬಹುದು. ಬೇಕು ಅಂತ ಲೆಕ್ಕ ಹೇಳಿದ್ರೆ ಒಪ್ಪೋಣ. ಲೆಕ್ಕ ಹಾಕದೆ ಹೇಳಿದ್ರೆ ಒಪ್ಪಬಾರದು.

ನಮ್ಮ ಕೋರಿಕೆ ಚಿಕ್ಕದು. ಈ ಸಲ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಬ್ಲಾಕ್ ಡಯಾಗ್ರಾಂ, ಸರ್ಕ್ಯೂಟ್ ಜೊತೆಗೆ ಎರಡು ಸಾಲು ಸೇರಿಸಿ. ಒಂದು, ಕೋಡ್ ಎಷ್ಟು ಬೈಟ್ ಆಯ್ತು, ಅದರಲ್ಲಿ ಅಕ್ಷರ ತೋರಿಸೋ ಭಾಗ ಎಷ್ಟು. ಎರಡು, ಆ ಅಕ್ಷರವನ್ನ ಓದೋರು ಯಾರು. ಎರಡನೇ ಸಾಲು ಬರೆಯೋಕೆ ಹೋದಾಗ ಕೆಲವು ಸಲ ಕೈ ನಿಲ್ಲುತ್ತೆ. ನಮಗೆ ನಿಂತಿತ್ತು.

ಕೊನೆಗೆ ಆ ಡಿಸ್‌ಪ್ಲೇ ಏನಾಯ್ತು ಅಂತ ಕೇಳ್ತೀರಿ. ಓವನ್‌ನ ಕಂಟ್ರೋಲ್‌ಗೆ ನಾವು ಕೈ ಹಾಕಿಲ್ಲ, ಅದು ನಮ್ಮ ಮಟ್ಟದ ಕೆಲಸ ಅಲ್ಲ. ಹಳೇ ಪ್ಯಾನೆಲ್ ಪಕ್ಕದಲ್ಲಿ ಬರೀ ತೋರಿಸೋಕೆ ಅಂತ ಒಂದು ವಾರ ಇಟ್ಟಿದ್ವಿ. ಕೂಲಿ ಕಳೆದುಕೊಂಡಿದ್ದ ಆ ಹುಡುಗ ರಾಯಚೂರು ಕಡೆಯವನು. ಟ್ರಾಲಿ ತಳ್ಳಿಕೊಂಡು ಬಂದವನು ನಿಂತು, 'ಬಾಗಿಲು ತೆರೆದಿದೆ' ಅಂತ ಗಟ್ಟಿಯಾಗಿ ಓದಿ, ಹೋಗಿ ಬಾಗಿಲು ಹಾಕಿ ಬಂದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಓದೋಕೆ ಬಂದ್ರೆ ಹಾಗೇ ಅಲ್ವಾ, ಡಿಸ್‌ಪ್ಲೇ ಮಾಡಿದವರು ಯಾರು ಅಂತ ಯಾರಿಗೂ ನೆನಪಾಗಲ್ಲ.

ಬೋರ್ಡ್ ಈಗ ನಮ್ಮ ಲ್ಯಾಬ್‌ನಲ್ಲಿದೆ, ಕಿಟಕಿ ಪಕ್ಕದ ಕೊನೇ ಬೆಂಚು. 26 ಅಕ್ಷರದ ಫೈಲ್ ಯಾರಿಗೆ ಬೇಕಾದ್ರೂ ಕೊಡ್ತೀವಿ. 'ಮ್ಮ', 'ಕ್ಕೆ', 'ಷ್ಟು' ಇನ್ನೂ ಬರೆದಿಲ್ಲ. ಚುಕ್ಕಿ ಇಡೋ ತಾಳ್ಮೆ ಇರೋರು ಬನ್ನಿ.